ಅಡುಗೆಮನೆಯಲ್ಲಿ ಬರೆದ ಊರಿನ ಚರಿತ್ರೆ

ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆಯ ಹಿಂದೆ ಗುಡ್ಡದ ಮೇಲಿನ ಸ್ಮಶಾನಕ್ಕೆ ಹತ್ತುತ್ತಿದ್ದವರು ಗಂಡಸರು ಮಾತ್ರ. ಹೆಂಗಸರು ಸತ್ತವರ ಮನೆಯಲ್ಲೇ ಉಳಿದು ಅವರಿಗಾಗಿ ಬ್ರೆಡ್ಡಿಗೆ ಬೆಣ್ಣೆ ಸವರಬೇಕು, ಹ್ಯಾಮ್ ಮಾಂಸ ಕತ್ತರಿಸಬೇಕು, ಚಹಾಕ್ಕೆ ನೀರಿಡಬೇಕು. ಗಂಡನನ್ನೇ ಕಳೆದುಕೊಂಡವಳೂ ಅವನನ್ನು ಮಣ್ಣಿಗಿಡುವುದನ್ನು ನೋಡುವಂತಿರಲಿಲ್ಲ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ತಾನಿಗ್ರೈಗ್ ಮನೆಯ ಕೈನ್ವೆನ್ ಆಂಟಿ ಉರಿದುಕೊಂಡು ಕೂರಲಿಲ್ಲ. ಗಂಡಸರು ಗುಡ್ಡ ಹತ್ತಿ ಇಳಿಯುವಷ್ಟು ಹೊತ್ತಿನಲ್ಲಿ ಅವಳು ಊರಿನ ಚರಿತ್ರೆ ಬರೆದಳು.

ಬ್ರೆಡ್ ಅಂಗಡಿಯ ಕೌಂಟರಿನ ಹಿಂದೆ ಆಯುಷ್ಯ ಸವೆಸಿದವಳು ಅವಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತೆಲ್ಲಿದೆ?" ಎನ್ನುತ್ತಿದ್ದಳು. ಅಂತ್ಯಕ್ರಿಯೆಯ ಹಾಡುಗಳನ್ನು ಅಚ್ಚು ಹಾಕಿಸಿ ಹಂಚುವ ಹಾಳೆಯ ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲೇ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಯಾರ ಸಾವಿನ ದಿನ, ಯಾರ ಅಡುಗೆಮನೆಯಲ್ಲಿ, ಯಾವ ಹೆಂಗಸು ಏನು ಹೇಳಿದಳು, ಎಲ್ಲವೂ. ಅವಳ ಮನೆ ಬಂಡೆಯ ಬುಡದಲ್ಲಿದ್ದು ಗೋಡೆಯೆಲ್ಲ ಸದಾ ತೇವ. ಹಾಗಾಗಿ ಹಾಳೆ ತುಂಬಿದ ಬಿಸ್ಕತ್ ಡಬ್ಬಗಳನ್ನು ಊರಿನ ಪ್ರಾರ್ಥನಾ ಮಂದಿರ ಚಾಪೆಲ್ಲಿನ ಹಿಂದಿನ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಳು. ಆ ಕಪಾಟಿನ ಬೀಗದ ಕೈ ಇರುತ್ತಿದ್ದುದು ಚಾಪೆಲ್ಲಿನ ಹಿರಿಯ ಇಥೆಲ್ ಬಳಿ.

ಸಾವಿರದ ಒಂಬೈನೂರ ಎಂಬತ್ತೈದರ ಚಳಿಗಾಲದಲ್ಲಿ ಜಿಲ್ಲಾ ದಾಖಲೆ ಭಂಡಾರದವರು ಆ ಕಾಗದಗಳನ್ನು ತೆಗೆದುಕೊಳ್ಳಲು ಒಪ್ಪಿದರು. ಶುಕ್ರವಾರ ವ್ಯಾನು ಬರುವುದಿತ್ತು. ಆಗ ಇಥೆಲ್ ಅಡ್ಡಗಾಲು ಹಾಕಿದ.

"ಮುಷ್ಕರದ ಹಾಳೆ ತೆಗೆದಿಡ್ತೀನಿ ಅಂತ ಮಾತು ಕೊಡು. ಆಮೇಲೆ ಕಪಾಟು ತೆರೀತೀನಿ."

"ಯಾಕೋ?"

"ಯಾಕೆ ಅಂತ ನಿಂಗೆ ಚೆನ್ನಾಗೇ ಗೊತ್ತು."

ನಮಗೆಲ್ಲರಿಗೂ ಗೊತ್ತಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಕಲ್ಲುಗಣಿಯ ಮುಷ್ಕರ ವರ್ಷಗಟ್ಟಲೆ ಎಳೆಯಿತು. ಕೆಲಸಕ್ಕೆ ಹೋಗದವರ ಕಿಟಕಿಯಲ್ಲಿ ಒಂದು ಕಾರ್ಡ್ ಇರುತ್ತಿತ್ತು: ಈ ಮನೆಯಲ್ಲಿ ದ್ರೋಹಿ ಇಲ್ಲ. ಇಥೆಲ್‌ನ ತಾಯಿಯ ತಂದೆ ಗ್ರಿಫಿತ್ ನಡುವೆಯೇ ಗಣಿಗೆ ಮರಳಿದ, ಅವನ ಕಿಟಕಿಯ ಕಾರ್ಡ್ ಹೋಯಿತು. ನಮ್ಮೂರಿನಲ್ಲಿ ಇಂಥದ್ದು ಹಳಸುವುದಿಲ್ಲ. ಶಾಲೆಯಲ್ಲಿ ಇಥೆಲ್‌ನನ್ನು "ದ್ರೋಹಿ ಮೊಮ್ಮಗ" ಎಂದು ಅಟ್ಟಾಡಿಸುತ್ತಿದ್ದರಂತೆ. ಅವನ ಜೊತೆಯಲ್ಲೇ ಓದಿದ ಕೈನ್ವೆನ್ ಅದನ್ನು ಕಣ್ಣಾರೆ ಕಂಡವಳು.

"ಕೊಟ್ರೆ ಎಲ್ಲಾ ಕೊಡ್ತೀನಿ, ಇಲ್ಲಾಂದ್ರೆ ಒಂದೂ ಇಲ್ಲ ಕಣೋ" ಎಂದಳು.

"ಹಂಗಾದ್ರೆ ಅಲ್ಲೇ ಬಿದ್ದಿರ್ಲಿ. ಇಲಿ ತಿನ್ಲಿ."

"ತಿನ್ಲಿ ಬಿಡು. ನಿನ್ನ ಉಪದೇಶ ಕೇಳಿ ಕೇಳಿ ಬಡವಾಗಿವೆ ಪಾಪ."

ಮಾತಿನಲ್ಲೇನೋ ಅವಳು ಸೋಲಲಿಲ್ಲ. ಆದರೆ ಅವಳ ಹೃದಯ ಆಗಲೇ ಕೈಕೊಡುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಅವಳು ಹೋದಮೇಲೆ ಆ ಡಬ್ಬಗಳು ಒಲೆ ಸೇರುವುದು ಖಂಡಿತ ಎನಿಸಿ ನಾನು ಗೋಗರೆದೆ: "ಆಂಟಿ, ನಾಕು ಹಾಳೆ ಹೋದ್ರೆ ಹೋಗ್ಲಿ. ಮಿಕ್ಕಿದ್ದಾದ್ರೂ ಉಳಿಯುತ್ತಲ್ಲ."

"ಇವತ್ತು ಅವನ ಅಜ್ಜಂದು, ನಾಳೆ ನಿಮ್ಮಜ್ಜಿದು, ನಾಡಿದ್ದು ಇನ್ಯಾರದೋ. ಕೊನೇಗೆ ಉಳಿಯೋದು ಪಾದ್ರಿಗಳ ಫೋಟೋ ಕಣೇ. ಅದನ್ನ ನೋಡೋಕೆ ಯಾರು ಬರ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಬುಧವಾರ ಚಮ್ಮಾರ ಹವೆಲ್‌ನ ಅಂತ್ಯಕ್ರಿಯೆ. ಹಿಂದಿನ ದಿನವಷ್ಟೇ ಇಥೆಲ್ ಚಾಪೆಲ್ಲಿನ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ, ಮಂಡಿ ಟರ್ನಿಪ್ ಗಡ್ಡೆಯ ಹಾಗೆ ಊದಿತ್ತು. ಗುಡ್ಡ ಹತ್ತುವ ಮಾತೇ ಇರಲಿಲ್ಲ. ಗಂಡಸರೆಲ್ಲ ಹೊರಟ ಮೇಲೆ ಹವೆಲ್ ಮನೆಯ ಅಂಗಳದಲ್ಲಿ ಒಬ್ಬನೇ ಕೋಲೂರಿಕೊಂಡು ನಿಂತಿದ್ದವನನ್ನು ಕೈನ್ವೆನ್ ಒಳಗೆ ಕರೆದು, ಬ್ರೆಡ್ಡಿನ ರಾಶಿಯ ಮುಂದೆ ಕುರ್ಚಿ ಎಳೆದಳು.

"ಕೂತ್ಕೊ. ಬೆಣ್ಣೆ ಸವರು."

"ನಾನಾ?"

"ಊದಿರೋದು ಮಂಡಿ ತಾನೇ, ಕೈ ಅಲ್ವಲ್ಲ."

ಹವೆಲ್‌ನ ಹೆಂಡತಿ ಕೂಡ ಅಳುವಿನ ನಡುವೆ ನಕ್ಕುಬಿಟ್ಟಳು. ಆದರೆ ಅಡುಗೆಮನೆಗೆ ಗಂಡಸೊಬ್ಬ ಬಂದು ಕೂತನಲ್ಲ, ನಮಗೆ ಯಾರಿಗೂ ಬಾಯಿ ಬರಲಿಲ್ಲ. ಆಗ ಕೈನ್ವೆನ್, ತೊಂಬತ್ತು ದಾಟಿದ ಕಟ್ರಿನಜ್ಜಿಯ ಕಡೆ ತಿರುಗಿ ಗಟ್ಟಿಯಾಗಿ, "ಅಜ್ಜೀ, ಮಾರ್ಗೆಡ್ ಕಾರ್ಡ್ ಕಿತ್ತಿದ್ದು ಹೇಳಿ" ಎಂದಳು.

ಮಾರ್ಗೆಡ್ ಎಂದರೆ ಗ್ರಿಫಿತ್‌ನ ಹೆಂಡತಿ, ಇಥೆಲ್‌ನ ಅಜ್ಜಿ. ಇಥೆಲ್‌ನ ಕೈ ಬೆಣ್ಣೆಯ ಮೇಲೆಯೇ ನಿಂತಿತು.

"ನಾವು ಪಕ್ಕದ ಮನೇಲೇ ಇದ್ವಿ" ಎಂದು ಅಜ್ಜಿ ಶುರುಮಾಡಿದಳು. "ಗ್ರಿಫಿತ್ ಎಲ್ಲಿ ಹೋಗ್ತಿದ್ದ? ಸತ್ರೂ ಗಣಿಗೆ ಹೋಗಲ್ಲ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಆ ಚಳೀಲಿ ಎರಡು ಮಕ್ಕಳು ತೀರಿಹೋದ್ವು. ಎರಡು ಸಲಾನೂ ಮಾರ್ಗೆಡ್ ಅಡುಗೆಮನೇಲಿ ಬ್ರೆಡ್ ಕತ್ತರಿಸ್ತಾ ನಿಂತಿದ್ಲು. ಮೂರನೇ ಮಗೂಗೆ ಜ್ವರ ಬಂತು ನೋಡು, ಕಾರ್ಡ್ ಕಿತ್ತು ಒಲೆಗೆ ಹಾಕಿದ್ಲು. ಬುತ್ತಿ ಡಬ್ಬಿ ಅವನ ಎದೆಗೆ ತುರುಕಿ, 'ಇನ್ನೊಂದು ಸಲ ನಾನು ಸಾವಿನ ಬ್ರೆಡ್ ಕತ್ತರಿಸಲ್ಲ, ಏಳು' ಅಂದ್ಲು. ಅಳ್ತಾ ಹೋದ ಪಾಪ." ಅಜ್ಜಿ ಹ್ಯಾಮಿನ ತಟ್ಟೆ ಸರಿಸಿದಳು. "ಆ ಮೂರನೇದೇ ನಿಮ್ಮಮ್ಮ ಕಣೋ, ಇಥೆಲ್."

"ನಂಗ್ಯಾರೂ ಹೇಳ್ಲೇ ಇಲ್ಲ" ಎಂದ ಇಥೆಲ್. ಅವನಿಗಾಗ ಅರವತ್ತು ದಾಟಿತ್ತು.

"ಇಲ್ಲೇ ಹೇಳ್ತಿದ್ವಲ್ಲ. ನೀನು ಗುಡ್ಡದ ಮೇಲಿರ್ತಿದ್ದೆ."

ಅಯ್ಯೋ ಅನ್ನಿಸಿತು ನನಗೆ. ಕೈನ್ವೆನ್ ಮಾತ್ರ ಕರಗಲಿಲ್ಲ. "ಗ್ರಿಫಿತ್ ಹೋಗಿದ್ದೂ ಮಾರ್ಗೆಡ್ ಕಳ್ಸಿದ್ದೂ ಒಂದೇ ಹಾಳೇಲಿದೆ. ಹರಿದ್ರೆ ಎರಡೂ ಹೋಗುತ್ತೆ. ನೀನೇ ಹೇಳು, ಹರೀಲಾ?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರಿದ, ಅಂಚಿನವರೆಗೂ, ನಿಧಾನವಾಗಿ. ಹೊರಗೆ ಗಂಡಸರ ಬೂಟುಗಳ ಸದ್ದಾದಾಗ ಜೇಬಿಗೆ ಕೈಹಾಕಿ, ಬೀಗದ ಕೈಯನ್ನು ಬೆಣ್ಣೆ ತಟ್ಟೆಯ ಪಕ್ಕದಲ್ಲಿಟ್ಟ.

"ಒಂದೂ ತೆಗೀಬೇಡ" ಎಂದ.

ಶುಕ್ರವಾರ ಡಬ್ಬಗಳೆಲ್ಲ ಹೋದವು. ಈಗಲೂ ಭಂಡಾರದಲ್ಲಿವೆ, ಹಾಳೆಗಳ ಮೇಲೆ ಬೆಣ್ಣೆಯ ಕಲೆಗಳ ಸಮೇತ.

ಅದೇ ವಸಂತದಲ್ಲಿ ಕೈನ್ವೆನ್ ತೀರಿಕೊಂಡಳು. ತನ್ನ ಹಿಂದೆ ಹೆಂಗಸರೂ ಗುಡ್ಡಕ್ಕೆ ಬರಬೇಕೆಂದು ಪಾದ್ರಿಯ ಕೈಲಿ ಮೊದಲೇ ಮಾತು ತೆಗೆದುಕೊಂಡಿದ್ದಳು. ನಾವೆಲ್ಲ ಹೋದೆವು, ಕಟ್ರಿನಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು. ನಮ್ಮವರೊಬ್ಬರನ್ನು ಮಣ್ಣಿಗಿಡುವುದನ್ನು ನಾನು ಕಂಡದ್ದು ಅದೇ ಮೊದಲು. ಮನಸಾರೆ ಅತ್ತೆ. ಇಥೆಲ್ ಮಾತ್ರ ಕಾಣಲಿಲ್ಲ. ಮಂಡಿ ಎಂದೋ ವಾಸಿಯಾಗಿತ್ತು, ಇನ್ನೂ ಹಟವೇ ಎಂದು ಒಳಗೊಳಗೇ ಬೈದುಕೊಂಡೆ.

ಇಳಿದು ಕೈನ್ವೆನ್‌ಳ ಮನೆ ತಾನಿಗ್ರೈಗ್‌ಗೆ ಬಂದರೆ, ಅವಳ ಏಪ್ರನ್ ಕಟ್ಟಿಕೊಂಡು ಇಥೆಲ್ ಅಡುಗೆಮನೆಯಲ್ಲಿ ಒಬ್ಬನೇ ನಿಂತಿದ್ದ. ಬ್ರೆಡ್ಡು ಚಪ್ಪಡಿ ಕಲ್ಲಿನಷ್ಟು ದಪ್ಪ, ಹ್ಯಾಮು ಚಿಂದಿ ಚಿಂದಿ. ಅವಳ ಅಂತ್ಯಕ್ರಿಯೆಯ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಹಾಕಿ, ಮೇಲೊಂದು ಪೆನ್ಸಿಲ್ ಇಟ್ಟಿದ್ದ.

"ಕೂತ್ಕೊಳ್ಳಿ. ಮೇಲೆ ಏನೇನಾಯ್ತು, ಒಂದೂ ಬಿಡದೆ ಹೇಳಿ" ಎಂದ. "ನಾನು ಬರ್ಕೋತೀನಿ."