ಮಲಾಕಿ ಲಾವೆಲ್‌ಗೆ ಬಂದ ದಪ್ಪ ಲಕೋಟೆಗಳು

ಬೆಲ್ಮಲೆಟ್‌ನಲ್ಲಿ ಇಪ್ಪತ್ತಾರು ವರ್ಷ ಅಂಚೆ ಹಂಚಿದ ಡಿಂಪ್ನಾ ಲಾವೆಲ್ ಒಬ್ಬರ ಕಾಗದವನ್ನೂ ಬಿಡಿಸಿ ನೋಡಿದವಳಲ್ಲ. ಆ ಆಸೆ ಅವಳಿಗೆ ಮೊದಲ ಸಲ ಹುಟ್ಟಿದ್ದು ಗಂಡ ಮಲಾಕಿಯ ಹೆಸರಿಗೆ ಲಕೋಟೆಗಳು ಬರತೊಡಗಿದಾಗ.

ಮೊದಲು ಕಾರ್ಕಿನಿಂದ ಒಂದು. ಆಮೇಲೆ ಲಿಮರಿಕ್, ಡಬ್ಲಿನ್. ಗಾಲ್ವೇಯಿಂದ ಎರಡು. ದಪ್ಪನೆಯವು, ಕಳಿಸಿದವರ ಹೆಸರಿಲ್ಲ. ಗಾಲ್ವೇಯವುಗಳ ಮೇಲೆ ವಿಳಾಸ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು. ಹೆಣ್ಣಿನ ಅಕ್ಷರವೆಂದು ಡಿಂಪ್ನಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಏನಿದು?" ಎಂದಳು.

"ಎಂಜಿನ್ ಸಾಮಾನಿನ ಪಟ್ಟಿ."

"ದೋಣಿ ಮಾರಿ ವರ್ಷ ಆಯ್ತಲ್ಲೋ?"

"ನೋಡಕ್ಕೇನು ತೊಂದ್ರೆ?" ಎಂದು ಮಲಾಕಿ ಲಕೋಟೆಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಶೆಡ್ಡಿಗೆ ಹೋದ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಏಡಿ ಹಿಡಿಯಲು ಕಡಲಿಗಿಳಿದವನು, ಐವತ್ತೆಂಟಕ್ಕೆ ಸೊಂಟ ಕೈಕೊಟ್ಟು ದಡ ಸೇರಿದ್ದ. ಇತ್ತೀಚೆಗೆ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ. ಅದೂ ಡಿಂಪ್ನಾಳ ಕಣ್ಣಿಗೆ ಬಿದ್ದಿತ್ತು.

ಏಪ್ರಿಲ್‌ನ ಒಂದು ಶನಿವಾರ, ಬ್ರೆಡ್ಡು ಕೊಳ್ಳಲು ಹೋದಾಗ ಅಂಗಡಿಯ ಕನ್ಸೆಪ್ಟಾ ಕೇಳಿದಳು: "ನಿನ್ ಗಂಡ ಬೆಳಿಗ್ಗೇನೇ ಗಾಲ್ವೇಗೆ ಬಸ್ ಹತ್ತಿದ್ನಲ್ಲೇ. ಮಣ್ಣಿಗೆ ಹೋಗೋ ಕೋಟು ಹಾಕ್ಕೊಂಡಿದ್ದ. ಯಾರ್ ಹೋಗ್ಬಿಟ್ರು?"

ಹಲ್ಲು ತೋರಿಸಲು ಬ್ಯಾಲಿನಾಗೆ ಹೋಗುತ್ತೇನೆ ಎಂದಿದ್ದ ಅವನು.

"ಇನ್ನೂ ಯಾರೂ ಹೋಗಿಲ್ಲ," ಎಂದಳು ಡಿಂಪ್ನಾ. "ಸಂಜೆಯೊಳಗೆ ಒಬ್ಬ ಹೋಗ್ಬೋದು."

ಬಸ್ಸು ಊರೂರು ಸುತ್ತಿ ಹೋಗುವುದು; ಅವಳ ಕಾರು ನೆಟ್ಟಗೆ ಹೋಯಿತು. ಗಾಲ್ವೇ ನಿಲ್ದಾಣದಲ್ಲಿ ಅವನು ಇಳಿದು ನಡೆದಾಗ ಹಿಂದೆ ಹಿಂದೆಯೇ ಹೋದಳು. ಅವನು ನದಿಯ ಸೇತುವೆ ದಾಟಿ ವಿಶ್ವವಿದ್ಯಾಲಯದ ಗೇಟಿನೊಳಗೆ ಹೊಕ್ಕ. ಹಳೆಯ ಕಲ್ಲುಕಟ್ಟಡದ ಅಂಗಳದ ತುಂಬ ಸೇರುವ ಮೊದಲು ಜಾಗ ನೋಡಲು ಬಂದ, ಶಾಲೆ ಮುಗಿಸುತ್ತಿರುವ ಮಕ್ಕಳು, ಅವರ ತಾಯಂದಿರು. ಕಮಾನಿನ ಕೆಳಗಿನ ಮೇಜಿನ ಬಳಿ ಕೆಂಪುಗೂದಲಿನ ಹೆಂಗಸೊಬ್ಬಳು ಮಲಾಕಿಯ ಮಾತಿಗೆ ನಗುತ್ತಿದ್ದಳು.

"ಕಾಗದ ಬರೆಯೋಳು ನೀನೇನಾ?" ಡಿಂಪ್ನಾ ಮೇಜಿಗೆ ಕೈಯೂರಿ ನಿಂತಳು.

ಮಲಾಕಿ ಬಿಳಚಿಕೊಂಡ. ಹೆಂಗಸು ಮಾತ್ರ ಗಾಬರಿಯಾಗಲಿಲ್ಲ. "ಹೌದು, ನಾನೇ ಕಳಿಸಿದ್ದು. ದೊಡ್ಡ ವಯಸ್ಸಲ್ಲಿ ಓದಕ್ಕೆ ಬರೋರನ್ನ ನೋಡ್ಕೊಳ್ಳೋದು ನನ್ನ ಕೆಲಸ. ಇವರಿಗೆ ಕಡಲಿನ ವಿಜ್ಞಾನ ಓದಬೇಕಂತೆ."

ಡಿಂಪ್ನಾಳ ಅನುಮಾನ ಇಳಿಯಲಿಲ್ಲ, ಆ ಹೆಂಗಸನ್ನು ಬಿಟ್ಟು ಆ ಕಟ್ಟಡದ ಮೇಲೆ ಕೂತಿತು. "ಸೊಂಟ ಹೋದ ಮುದುಕನ್ನ ಸೇರಿಸ್ಕೊಂಡು ನಿಮಗೇನು ಸಿಗುತ್ತೆ?"

"ಏಡಿ ಯಾವ ತಿಂಗಳು ಚಿಪ್ಪು ಕಳಚುತ್ತೆ, ಆಗ ಎಲ್ಲಿ ಅಡಗುತ್ತೆ ಅಂತ ಈಗ ತಾನೆ ಹೇಳಿದ್ರು. ನಮ್ಮ ಹುಡುಗರು ಅದನ್ನ ಪುಸ್ತಕದಲ್ಲಿ ಓದಬೇಕು."

ಮಲಾಕಿ ಕೋಟಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಹೆಂಡತಿಗೆ ಕೊಟ್ಟ. ಪೆನ್ಸಿಲಿನಲ್ಲಿ ಬರೆದಿತ್ತು: ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಹೆಸರು ದೊಡ್ಡದು, ಊರಿನ ಬಾಡಿಗೆ ಇನ್ನೂ ದೊಡ್ಡದು. ಲಿಮರಿಕ್‌ನಲ್ಲಿ ಓದುವಾಗಲೇ ಕೆಲಸಕ್ಕೆ ಕಳಿಸುತ್ತಾರೆ. ಕಾರ್ಕ್ ಒಳ್ಳೆಯದು, ತುಂಬ ದೂರ. ಗಾಲ್ವೇಯಿಂದ ಶುಕ್ರವಾರ ಮನೆಗೆ ಬರಬಹುದು. ಕೆಳಗೆ ಬರೀ 'ಡಿಂಪ್ನಾ', ಪಕ್ಕದಲ್ಲಿ ಪ್ರಶ್ನೆ ಚಿಹ್ನೆ.

"ಇದ್ಯಾಕೆ?"

"ನಿಂಗೆ ಹೇಗೆ ಹೇಳೋದು ಅಂತ. ನಗ್ತೀಯ ಅನ್ನಿಸ್ತು."

ನಗುವುದಿಲ್ಲ ಎನ್ನಲು ಬಾಯಿ ತೆರೆದಳು, ಆಗಲಿಲ್ಲ. ನಕ್ಕೇ ನಗುತ್ತಿದ್ದಳು. ನಕ್ಕು, ಮರುದಿನ ಕನ್ಸೆಪ್ಟಾಳಿಗೂ ಹೇಳಿ ನಗಿಸುತ್ತಿದ್ದಳು.

ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟಳು. ಊರು ಹತ್ತಿರ ಬಂದಾಗ ಅವಳೇ ಕೇಳಿದಳು: "ಫೇಲಾದ್ರೆ?"

"ಆಗ್ತೀನಿ," ಎಂದ.

ಆದ ಕೂಡ. ಮೊದಲು ಒಂದು ವರ್ಷ ತಯಾರಿಯ ತರಗತಿ ಮುಗಿಸಿ ಬಾ ಎಂದರು, ಮುಗಿಸಿ ಸೇರಿದ. ರಸಾಯನಶಾಸ್ತ್ರದಲ್ಲಿ ಬಿದ್ದು ಆಗಸ್ಟ್‌ನಲ್ಲಿ ಮತ್ತೆ ಕೂತ. ಅರವತ್ನಾಲ್ಕಕ್ಕೆ ಪದವಿ ಕೈಗೆ ಬಂತು. ಅಂದು ಅಂಗಳದಲ್ಲಿ ಡಿಂಪ್ನಾ ಪದವಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ, ಮುದ್ರೆಯ ಮೇಲೆ ಉಗುರಾಡಿಸಿ ನೋಡಿದಳು.

"ಲ್ಯಾಟಿನ್‌ನಲ್ಲಿದೆ," ಎಂದಳು. "ಪಾಸು ಅಂತಾನೇ ಬರೆದಿದಾರೆ ಅಂತ ಯಾವ ಗ್ಯಾರಂಟಿ?"