ಕರ್ಪೂರದ ವಾಸನೆಯ ಚೆಂಡು

ಮೊನ್ನೆ ನನ್ನ ಮರಿಮೊಮ್ಮಗಳು ಶಾಲೆಯಿಂದ ಒಂದು ಟೇಬಲ್ ಟೆನಿಸ್ ಚೆಂಡು ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಮೂಗಿಗೆ ಹಿಡಿದು ಮೂಸಿದ್ದು.

“ಅಜ್ಜಿ, ಚೆಂಡು ಯಾಕ ಮೂಸ್ತಿ? ಅದೇನು ಮಾವಿನಹಣ್ಣೇನು?” ಎಂದು ಬಿದ್ದು ಬಿದ್ದು ನಕ್ಕಳು.

ವಾಸನೆಯೇ ಇರಲಿಲ್ಲ. ಪ್ಲಾಸ್ಟಿಕ್ಕಂತೆ. ನೀವೇ ಹೇಳಿ, ಕರ್ಪೂರದ ವಾಸನೆ ಬಾರದ ಚೆಂಡೂ ಒಂದು ಚೆಂಡೇ?

ನಗಬೇಡಿ. ನಾನು ಆಡಿದ ಚೆಂಡಿಗೆ ನಿಜವಾಗಿಯೂ ಕರ್ಪೂರದ ವಾಸನೆಯಿತ್ತು; ಆಗಿನ ಸೆಲ್ಯುಲಾಯ್ಡ್ ಚೆಂಡಿನಲ್ಲಿ ಕರ್ಪೂರ ಬೆರೆಸುತ್ತಿದ್ದರು. ಆ ವಾಸನೆಯ ದೆಸೆಯಿಂದಲೇ ಅದು ಮಾನ್ವಿಯ ನಮ್ಮ ಮನೆಯ ಹೊಸಿಲು ದಾಟಿತು. ನಿಜಾಮರ ಕಾಲ ಅದು. ನಾನು ಬೆಳೆದದ್ದು ತಾಯಿಯ ತವರಿನಲ್ಲಿ. ಹೈದರಾಬಾದಿನಲ್ಲಿ ಓದುತ್ತಿದ್ದ ಮಾಮಾ, ಎಂದರೆ ನನ್ನ ಸೋದರಮಾವ, ರಜೆಗೆ ಬರುವಾಗ ಗುಳ್ಳೆ ಗುಳ್ಳೆ ರಬ್ಬರಿನ ಎರಡು ಬ್ಯಾಟು, ಒಂದಿಷ್ಟು ಚೆಂಡು ತಂದಿದ್ದ. ಹೂಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ, “ಎಲುಬಿಂದೇನೋ ಇದು? ಒಳಗ ತರಬ್ಯಾಡ!” ಎಂದು ಗದರಿದಳು. ಮಾಮಾ ಚೆಂಡನ್ನು ತನ್ನ ತಾಯಿಯ ಮೂಗಿನ ಹತ್ತಿರ ಹಿಡಿದ.

“ಅಯ್ಯ, ಕರ್ಪೂರ!” ಎಂದಳು ಅಜ್ಜಿ. ಕರ್ಪೂರಕ್ಕೆ ಯಾವ ಮನೆಯಲ್ಲಿ ಅಡ್ಡಿ?

ಅಡ್ಡಿಯಿದ್ದದ್ದು ನನ್ನ ಕೈಗೆ. ನಾನು ಎಡಚಿ. ಎಡಗೈ ಮುಂದೆ ಮಾಡಿದರೆ ಸಾಕು, ಅಜ್ಜಿ ಅದರ ಮೇಲೆ ಪಟ್ಟನೆ ಬಾರಿಸುತ್ತಿದ್ದಳು. ಬಲಗೈಯಲ್ಲಿ ಊಟ ಮಾಡುವುದೇನೋ ಅಭ್ಯಾಸವಾಗಿತ್ತು, ಬರೆಯುವುದು ಮಾತ್ರ ಆಗಲೊಲ್ಲದು. ಅಕ್ಷರವೆಲ್ಲ ಕಾಗೆ ಕಾಲು, ಗುಬ್ಬಿ ಕಾಲು. ಶಾಲೆಯಲ್ಲಿ ನನ್ನ ಪಾಟಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಮನೆಗೆ ಬಂದು ಕಣಜದ ಹಿಂದೆ ಕೂತು ಅಳುತ್ತಿದ್ದೆ.

ಮಾಮಾ ಪಡಸಾಲೆಯಲ್ಲಿ ಎರಡು ಪೆಟ್ಟಿಗೆಗಳ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿ, ನಡುವೆ ತನ್ನ ಧೋತರ ಮಡಚಿ ಕಟ್ಟಿದ. ಅದೇ ನೆಟ್ಟು.

“ಮೊದಲ ಸರ್ವು. ಚೆಂಡು ನಿನ್ನ ಕಡಿ ಒಮ್ಮಿ ಪುಟಿದು, ನೆಟ್ ದಾಟಿ ನನ್ನ ಕಡಿ ಬೀಳಬೇಕು. ನೆಟ್ ಸವರಿ ಬಿತ್ತಂದ್ರ ಮತ್ತೊಮ್ಮಿ ಮಾಡಬೇಕು. ಅಲ್ಲಿಂದ ಮುಂದ ಬರೇ ಎದುರಿನವರ ಕಡೀನ ಹೊಡೀಬೇಕು, ತಿಳೀತ?”

ಐದೈದು ಸರ್ವಿನ ಸರದಿ, ಇಪ್ಪತ್ತೊಂದಕ್ಕೆ ಆಟ, ಇಪ್ಪತ್ತು ಇಪ್ಪತ್ತಾದರೆ ಒಂದೊಂದೇ ಸರ್ವು, ಎರಡು ಪಾಯಿಂಟು ಮುಂದೆ ಹೋದವರ ಗೆಲುವು. ಇದನ್ನೆಲ್ಲ ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಬ್ಯಾಟು ಆಗಲೇ ಎಡಗೈಗೆ ಹೋಗಿ ಕೂತಿತ್ತು.

“ಎಡಗೈಲೆ ಕೊಡ್ತಾರೇನ ಯಾರಿಗ್ಯಾರ?” ಅಜ್ಜಿಯ ಕೂಗು. “ಯವ್ವಾ, ಇದು ಆಟ!” ಎಂದು ಮಾಮಾ ವಾದಿಸಿದ. ಅಜ್ಜಿ ಒಂದು ಮಧ್ಯಾಹ್ನ ಪೂರ್ತಿ ಕಣ್ಣಿಟ್ಟು ಆಟ ನೋಡಿ ತೀರ್ಪು ಕೊಟ್ಟಳು. “ಸರ್ವು ಅಂದ್ರ ಕೊಡೂದು. ಕೊಡೂದು ಬಲಗೈಲೆ. ಮಂದಿ ಹೊಡದದ್ದನ್ನ ತಿರುಗಿ ಹೊಡ್ಯಾಕ ಯಾವ ಕೈಯಾದ್ರೇನು?”

ಅದೇ ನಮ್ಮ ಮನೆಯ ಕಾಯ್ದೆಯಾಯಿತು. ಬಲಗೈಯಿಂದ ಸರ್ವು ಮಾಡಿ, ಚೆಂಡು ಹೋಗಿ ಬರುವಷ್ಟರಲ್ಲಿ ಬ್ಯಾಟನ್ನು ಎಡಗೈಗೆ ದಾಟಿಸುವುದು. ಆ ಗಡಿಬಿಡಿಯಲ್ಲಿ ಒಮ್ಮೆ ಬ್ಯಾಟು ಹಾರಿ ಸಾರಿನ ಪಾತ್ರೆಗೆ ಬಿತ್ತು. ಚೆಂಡಿಗೆ ತಗ್ಗು ಬಿದ್ದರೆ ಬಿಸಿನೀರಿಗೆ ಹಾಕಿದರಾಯಿತು, ಟಪ್ಪನೆ ಉಬ್ಬುತ್ತಿತ್ತು. “ಪೂರಿ ಉಬ್ಬಿದಂಗ ಉಬ್ಬೇತಿ ನೋಡ!” ಎಂದು ಅಜ್ಜಿಯೇ ಚಪ್ಪಾಳೆ ತಟ್ಟುತ್ತಿದ್ದಳು.

ಅಷ್ಟರಲ್ಲಿ ರಾಯಚೂರಿನ ವಕೀಲರ ಮನೆಗೆ ಸೀಮಂತಕ್ಕೆ ಹೋಗುವುದು ಬಂತು. ದೂರದ ಸಂಬಂಧ. ಅವರ ಮಗಳು ಶಾಂತಾ ನನ್ನ ವಾರಿಗೆಯವಳು, ಆ ಮನೆಯಲ್ಲಿ ನಿಜವಾದ ಟೇಬಲ್ಲೇ ಇತ್ತು. ಮಾಮಾ ಸಮಯ ನೋಡಿ ಕೇಳಿದ, “ಯವ್ವಾ, ಇಕಿ ಶಾಂತಾನ ಸೋಲಿಸಿದ್ರ ಎಡಗೈಲೆ ಬರ್ಯಾಕ ಬಿಡ್ತಿಯೇನು?”

“ಬಿಡ್ತೀನಿ. ಸೋತ್ರ ಮತ್ತ ಆ ಮಾತು ಎತ್ತಬಾರದು.”

ಸೀಮಂತದ ದಿನ ಶಾಂತಾಳ ಎದುರು ಬ್ಯಾಟು ಹಿಡಿದು ನಿಂತೆ. ಆ ಟೇಬಲ್ಲೋ ಎಷ್ಟು ನುಣುಪು! ನಮ್ಮ ಬಾಗಿಲಿನ ಮೇಲೆ ಚೆಂಡು ಮೊಳೆಗೆ ಬಡಿದು ಎತ್ತಲೋ ಹಾರುತ್ತಿತ್ತು. ಇಲ್ಲಿ ಅದು ಬರಬೇಕಾದ ಕಡೆಗೇ ಬರುತ್ತಿತ್ತು, ಅದಕ್ಕೇ ನನಗೆ ಗಲಿಬಿಲಿ. ಹೊಂದಿಕೊಂಡ ಮೇಲೆ ಎಡಗೈ ಕುಣಿಯಿತು. ಎಡಗೈ ಗಳಿಸಿದ್ದನ್ನೆಲ್ಲ ಬಲಗೈಯ ಸರ್ವು ಕಳೆಯಿತು. ಟೇಬಲ್ಲಿಗೆ ಬೆನ್ನು ಮಾಡಿ ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಯಾವ ಮಾಯದಲ್ಲಿ ಈ ಕಡೆ ತಿರುಗಿದಳೋ, ಕೈಯ ಹತ್ತಿ ಹಾಗೇ ಉಳಿದಿತ್ತು.

ಇಪ್ಪತ್ತು ಇಪ್ಪತ್ತು. ಶಾಂತಾಳ ಸರ್ವಿನಲ್ಲಿ ನನಗೊಂದು ಪಾಯಿಂಟು. ಇನ್ನೊಂದೇ ಬೇಕು, ಸರ್ವು ನನ್ನದು. ಬ್ಯಾಟನ್ನು ಬಲಗೈಗೆ ದಾಟಿಸಿದೆ.

“ಏ ಹುಡುಗಿ!” ಅಜ್ಜಿ ಎದ್ದು ನಿಂತಿದ್ದಳು. “ಎಡಗೈಲೆ ಹಾಕ! ಅಕಿಗೇನು ಪ್ರಸಾದ ಕೊಡಾಕತ್ತೀಯೇನು? ಹೊಡಿ ಅಕಿಗೆ!”

ಮಾಮಾನ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಬ್ಯಾಟು ಎಡಗೈಗೆ ತಂದೆ. ಚೆಂಡು ನನ್ನ ಕಡೆ ಒಮ್ಮೆ ಪುಟಿಯಿತು, ನೆಟ್ಟಿಗೆ ಕೂದಲೆಳೆಯಷ್ಟು ಮೇಲೆ ಹಾರಿ ಶಾಂತಾಳ ಮೂಲೆಯಲ್ಲಿ ಬಿದ್ದು ಜಾರಿತು. ಅವಳ ಬ್ಯಾಟು ಬರೀ ಗಾಳಿಗೆ ಬೀಸಿತು. ಮಾಮಾ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಅಜ್ಜಿ ನನಗಿಂತ ಹೆಚ್ಚು ಕುಣಿದಳೆಂದು ವಕೀಲರ ಮನೆಯಲ್ಲಿ ಬಹಳ ದಿನ ಆಡಿಕೊಂಡರಂತೆ.

ಮಾನ್ವಿಗೆ ಮರಳುವಾಗ ಅಜ್ಜಿ ಮತ್ತೆ ಅಜ್ಜಿಯಾದಳು. “ಬರಿ, ಬೇಕಾದಷ್ಟು ಬರಿ. ಕೊಡೂದು ಮಾತ್ರ ಬಲಗೈಲೆ.” ಆ ಕರಾರನ್ನು ನಾನು ಇಂದಿಗೂ ಮುರಿದಿಲ್ಲ. ಇದನ್ನು ಬರೆಯುತ್ತಿರುವುದು ಎಡಗೈ. ಮನೆಯ ಮಕ್ಕಳು ಎಡಗೈ ಚಾಚಿದರೆ “ಬಲಗೈಲೆ, ಬಲಗೈಲೆ” ಎನ್ನುವವಳೂ ಈಗ ನಾನೇ.

“ಅಜ್ಜಿ, ಮೂಸಿದ್ದು ಸಾಕು, ಚೆಂಡು ಕೊಡು,” ಎಂದು ಮರಿಮೊಮ್ಮಗಳು ಕೈ ಚಾಚಿದಳು. ಅಭ್ಯಾಸಬಲದಿಂದ ಚೆಂಡು ನನ್ನ ಬಲಗೈಗೆ ಹೋಯಿತು. ನನಗೇಕೋ ಒಳಗಿನಿಂದ ನಗು ಉಕ್ಕಿ ಬಂತು. ಚೆಂಡನ್ನು ಎಡಗೈಗೆ ತಂದು ಊಟದ ಟೇಬಲ್ಲಿನ ಮೇಲೆ ನನ್ನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ಪುಟಿಸಿದೆ. ಅದು ಅವಳ ಕೈ ತಪ್ಪಿಸಿ ಅಡುಗೆಮನೆಗೆ ಓಡಿತು.

“ಅಜ್ಜಿ! ಎಡಗೈಲೆ ಕೊಟ್ಟಿ!”

“ಕೊಟ್ಟಿಲ್ಲವ್ವಾ,” ಎಂದೆ, “ಹೊಡದೀನಿ.”