ಕೃಷ್ಣಾ ಸೇತುವೆ, ಸರಿಯಾದ ಟೈಮಿಗೆ

ಲ್ಯಾಂಡ್‌ಸ್ಕೇಪ್ ಫೋಟೋಗೆ ಬೆಳಕು ಮುಖ್ಯ, ಬೆಳಕಿಗೆ ಸಮಯ ಮುಖ್ಯ. ಇದನ್ನೆಲ್ಲ ನಾನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಆದರೆ ಆ ವಿಡಿಯೋ ಮಾಡಿದವರ ಪೈಕಿ ಯಾರ ಅಪ್ಪನೂ ರೈಲ್ವೆ ಗಾರ್ಡ್ ಆಗಿರಲಿಕ್ಕಿಲ್ಲ.

ನಮ್ಮ ಮನೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಅಪ್ಪ ಕರ್ನೂಲಿನಿಂದ ಹೈದರಾಬಾದಿಗೆ ಬರುವ ಗಾಡಿಯ ಕೊನೆಯ ಡಬ್ಬಿಯಲ್ಲಿ ಎಷ್ಟೋ ವರ್ಷ ಹಸಿರು ಬಾವುಟ ಹಿಡಿದವರು. ಆ ದಾರಿಯಲ್ಲಿ, ಗದ್ವಾಲ ಬಿಟ್ಟ ಮೇಲೆ ಕೃಷ್ಣಾ ನದಿ ಸಿಗುತ್ತದೆ. ಟೈಮ್‌ಟೇಬಲ್ ಪ್ರಕಾರ ಗಾಡಿ ಅದನ್ನು ಕತ್ತಲಲ್ಲೇ ದಾಟಬೇಕು. ನಾನು ಹತ್ತಿದಾಗಲೆಲ್ಲ ಅದು ತಡವಾಗಿ ಓಡುತ್ತಿತ್ತು, ಸೂರ್ಯ ನೀರಿನ ಮೇಲೆ ತಯಾರಾಗಿ ಕೂತಿರುತ್ತಿದ್ದ. ಆಗ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ.

ಈಗ ಒಂದು ಹಳೆಯ ಕ್ಯಾಮೆರಾ ಬಂದಿತ್ತು, ಅಪ್ಪನ ನಿವೃತ್ತಿಯೂ ಬಂದಿತ್ತು. ಅವರ ಕೊನೆಯ ಡ್ಯೂಟಿಯಲ್ಲಿ, ಅವರದೇ ಗಾಡಿಯಿಂದ ಕೃಷ್ಣೆಯ ಸೂರ್ಯೋದಯ ಹಿಡಿದು, ದೊಡ್ಡದು ಮಾಡಿಸಿ ಅವರಿಗೆ ಕೊಡಬೇಕೆಂದುಕೊಂಡೆ. ತಪ್ಪಿದರೆ ಇನ್ನೊಂದು ಕೊನೆಯ ಡ್ಯೂಟಿ ಇರುವುದಿಲ್ಲ.

ಅಪ್ಪನ ಜೊತೆ ಕರ್ನೂಲಿಗೆ ಹೊರಡುವ ದಿನ ಅವ್ವ ಹೇಳಿದಳು, "ಕಡೀ ಗಾಡಿ ಟೈಮಿಗೆ ಮುಟ್ಟಲಿ ಅಂತ ಹನುಮಪ್ಪಗ ಎಣ್ಣಿ ಹಾಕಿ ಬಂದೀನಿ. ನೀನೂ ಒಂದ್ ಸಲ ಕೈ ಮುಗಿ."

ಮುಗಿದೆ. ಲೇಟಾಗಲಿ ಎಂದು ಬೇಡಿಕೊಂಡೆ. ಒಂದೇ ದೇವರಿಗೆ ಒಂದೇ ಮನೆಯಿಂದ ಎರಡು ಅರ್ಜಿ.

ಕರ್ನೂಲಿನ ಪ್ಲಾಟ್‌ಫಾರ್ಮಿನಲ್ಲಿ ಅಪ್ಪನನ್ನು ಕೇಳಿದೆ, "ಅಪ್ಪಾ, ಇವತ್ತ ಎಷ್ಟ್ ಲೇಟ್ ಆಗಬಹುದು?"

"ನನ್ನ ಗಾಡಿ ಲೇಟ್ ಆಗಲಿ ಅಂತ ಕಾಯಾಕತ್ತೀಯೇನು?"

"ಸ್ವಲ್ಪ ಆದ್ರ ಸಾಕ್ರಿ."

"ಹೋಗಿ ಕೂಡು," ಎಂದು ಅಪ್ಪ ತಮ್ಮ ಡಬ್ಬಿ ಹತ್ತಿದರು.

ಬಲಗಡೆಯ ಕಿಟಕಿ ಹಿಡಿದು ಕೂತೆ. ಪ್ರತಿ ಸ್ಟೇಷನ್ನಿನಲ್ಲೂ ಸಿಗ್ನಲ್ ಹಸಿರಾಗಿಯೇ ಇತ್ತು. ಅಷ್ಟು ಶಿಸ್ತು ಆ ದಾರಿಯಲ್ಲಿ ನಾನು ಕಂಡಿರಲಿಲ್ಲ. ಸೇತುವೆಯ ಸದ್ದು ಕೇಳಿದಾಗ ಹೊರಗೆ ಕೃಷ್ಣೆ ಇದ್ದಳು ಎಂಬುದು ನಂಬಿಕೆಯ ಮಾತು. ಆದರೂ ಕ್ಲಿಕ್ ಮಾಡಿದೆ.

ಹೈದರಾಬಾದಿನಲ್ಲಿ ಅಪ್ಪ ಇಳಿದರು. ಕೈಗಡಿಯಾರ ನೋಡಿಕೊಂಡರು, ಸ್ಟೇಷನ್ ಗಡಿಯಾರ ನೋಡಿದರು, ಮತ್ತೆ ಕೈಗಡಿಯಾರ ನೋಡಿಕೊಂಡರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ನೋಡಿರಲಿಲ್ಲ. ಅದನ್ನಾದರೂ ತೆಗೆಯಬೇಕಿತ್ತು. ಕ್ಯಾಮೆರಾ ಚೀಲದೊಳಗಿತ್ತು.

ಮನೆಯಲ್ಲಿ ಫೋಟೋ ತೋರಿಸಿದೆ. ಪೂರ್ತಿ ಕಪ್ಪು, ಅಡ್ಡಲಾಗಿ ಎರಡು ಬೂದು ಗೆರೆ, ಅವು ಸೇತುವೆಯ ಕಬ್ಬಿಣ.

"ಏನೂ ಬಂದಿಲ್ಲಪ್ಪಾ," ಎಂದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಭಾಳ ಚಲೋ ಬಂದೈತಿ. ಫ್ರೇಮ್ ಹಾಕಿಸು."

"ಬರೀ ಕತ್ತಲಾ ಐತಲ್ರಿ."

"ಬೆಳಕಿದ್ದಿದ್ರ ಗಾಡಿ ಲೇಟ್ ಅಂತ ಆಗ್ತಿತ್ತು. ನಮ್ಮ ಆಫೀಸಿನ ಮಂದಿ ಊಟಕ್ಕ ಬರ್ತಾರ, ಅವರಿಗೆ ತೋರಸ್ಬೇಕು."

ಮರುದಿನ ಅಮೀರ್‌ಪೇಟಿನ ಅಂಗಡಿಗೆ ಒಯ್ದು, ಇದ್ದುದರಲ್ಲೇ ದೊಡ್ಡ ಸೈಜು ಹೇಳಿದೆ. ಅಂಗಡಿಯವನು ಪ್ರಿಂಟನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ, "ಇಸ್ಕಾ ಊಪರ್ ಕಿಧರ್ ಭಾಯ್?" ಎಂದ, ಮೇಲ್ಗಡೆ ಯಾವುದೆಂದು ತಿಳಿಯದೆ.

ಕ್ಯಾಮೆರಾ ತೆಗೆದು ನೋಡಿ, ಹೇಳಿದೆ.